ಇರೋದು ಒಂದೇ ಕೀ, ಅದೂ ಕೈಕೊಡುತ್ತಿದೆ. ಕೋಡಿಂಗ್ ಮಾಡಿಸಲೇಬೇಕಾ?

ಬೆಣ್ಣೆದೋಸೆ17

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟಾಪ್ ಮಾಡೆಲ್, ಪುಶ್ ಬಟನ್ ಸ್ಟಾರ್ಟ್. ಮಾರಿದವರು ಒಂದೇ ಕೀ ಕೊಟ್ಟರು. ಇನ್ನೊಂದು ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತು ಅಂದರು. ಕಾರು ಚೆನ್ನಾಗಿತ್ತು, ರೇಟೂ ಸರಿಯಿತ್ತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಮೂರು ವಾರದಿಂದ ಕಾಟ ಶುರುವಾಗಿದೆ. ರಿಮೋಟ್ ಒತ್ತಿದರೆ ಒಮ್ಮೆ ಲಾಕ್ ತೆಗೆಯುತ್ತದೆ, ಒಮ್ಮೆ ಇಲ್ಲ. ಬಾಗಿಲ ಹಿಡಿಯ ಮೇಲಿನ ಗುಂಡಿ ಒತ್ತಿದರೂ ಅದೇ ಕಥೆ. ಒಳಗೆ ಕೂತು ಸ್ಟಾರ್ಟ್ ಒತ್ತಿದರೆ ಮೀಟರಿನಲ್ಲಿ ಕೀ ಸಿಗುತ್ತಿಲ್ಲ ಅಂತ ಬರುತ್ತದೆ, ಕೀ ನೋಡಿದರೆ ನನ್ನ ಕೈಯಲ್ಲೇ ಇದೆ! ಅಂಗೈಗೆ ಎರಡು ಸಲ ತಟ್ಟಿದರೆ ಮತ್ತೆ ಸರಿಹೋಗುತ್ತದೆ. ಮೊನ್ನೆ ಭಾನುವಾರ ಹರಿಹರದಲ್ಲಿ ಮದುವೆ ಊಟ ಮುಗಿಸಿ ಬಂದರೆ ಬಾಗಿಲೇ ತೆಗೆಯಲಿಲ್ಲ. ಅಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಬಿಸಿಲಲ್ಲಿ ಹತ್ತು ನಿಮಿಷ ನಿಂತಿದ್ದರು. ದಾರಿಯುದ್ದಕ್ಕೂ ಏನೇನು ಕೇಳಿಸಿಕೊಂಡೆ ಅಂತ ಇಲ್ಲಿ ಬರೆಯೋದಿಲ್ಲ.

ಸೆಲ್ ಹೊಸದು, ಅದನ್ನು ಹೇಳಬೇಡಿ. ಹಳೆಯದು ವೀಕ್ ಆಗಿತ್ತು ಅಂತ ವಾಚ್ ರಿಪೇರಿ ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಫ್ರೆಂಡ್ ಒಬ್ಬ ಮೊಬೈಲ್ ಕ್ಯಾಮೆರಾದಲ್ಲಿ ಕೀ ನೋಡು, ಲೈಟ್ ಕಾಣಬೇಕು ಅಂದ. ಏನೂ ಕಾಣಲಿಲ್ಲ. ಮನೆಗೇ ಬಂದು ಕೀ ಮಾಡಿಕೊಡುವ ಒಬ್ಬರಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ "ಕೋಡಿಂಗ್ ಹೋಗಿದೆ ಸರ್, ಹೊಸ ಕೀ ಹಾಕಬೇಕು, 7,500 ಆಗುತ್ತೆ" ಅಂದರು. ಶೋರೂಮಿನಲ್ಲಿ ಇನ್ನೂ ಜಾಸ್ತಿ, ಕೀ ಬರಲು ಎರಡು ವಾರ ಬೇರೆ. ಕೋಡಿಂಗ್, ಅಂದರೆ ಕೀಯ ಗುರುತನ್ನು ಕಾರಿನ ನೆನಪಿಗೆ ಸೇರಿಸಿರೋದು, ತಾನಾಗೇ ಹೋಗುತ್ತಾ? ಮನೆಗೆ ಬಂದು ಮಾಡುವವರನ್ನು ನಂಬಬಹುದಾ?

---

ಹೈವೇ ಹಕ್ಕಿ

ಗುರು, ಸುಮ್ನೆ ಶೋರೂಮಿಗೆ ಹೋಗಿ ಮಾಡಿಸು. ಕೀ ವಿಷಯದಲ್ಲಿ ಚೌಕಾಸಿ ಬೇಡ. ಅಗ್ಗದ ಕೀ ಹಾಕಿಸಿಕೊಂಡು ನಾನು ಒಮ್ಮೆ ಅನುಭವಿಸಿದ್ದೇನೆ, ಆರು ತಿಂಗಳಿಗೆ ಬಟನ್ ರಬ್ಬರ್ ಕಿತ್ತು ಬಂತು.

---

ಹುಬ್ಬಳ್ಳಿ ಕೀಲಿಕೈ

ಸರ್, ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವವನು, 14 ವರ್ಷ ಆಯಿತು. ಗಿರಾಕಿ ಕಳಕೊಂಡರೂ ಪರವಾಗಿಲ್ಲ, ಇದ್ದದ್ದು ಹೇಳುತ್ತೇನೆ. ಯಾರಿಗೂ ಇನ್ನೂ ದುಡ್ಡು ಕೊಡಬೇಡಿ.

ಮೊದಲು ಕ್ಯಾಮೆರಾ ವಿಷಯ. ಆ ಉಪಾಯ ಟಿವಿ ರಿಮೋಟಿಗೆ ಮಾತ್ರ. ಟಿವಿ ರಿಮೋಟಿನದು ಕಣ್ಣಿಗೆ ಕಾಣದ ಬೆಳಕು, ಅದನ್ನು ಕ್ಯಾಮೆರಾ ಹಿಡಿಯುತ್ತದೆ. ಕಾರಿನ ರಿಮೋಟ್ ಕೆಲಸ ಮಾಡೋದು ರೇಡಿಯೋ ಮೇಲೆ, ನಮ್ಮ ಕಡೆ ಹೆಚ್ಚಾಗಿ 433 ಮೆಗಾಹರ್ಟ್ಸ್. ಅದು ಯಾವ ಕ್ಯಾಮೆರಾದಲ್ಲೂ ಕಾಣೋದಿಲ್ಲ.

ಈಗ ಕೀ ಒಳಗಿನ ಕಥೆ. ನಿಮ್ಮ ಕೈಯಲ್ಲಿರೋದು ಒಂದು ಕೀ ಅಂತ ಕಂಡರೂ ಒಳಗೆ ಮೂರು ಸಾಮಾನು ಇವೆ. ಒಂದು ರಿಮೋಟ್, ಇದಕ್ಕೆ ಸೆಲ್ ಬೇಕು. ಎರಡನೆಯದು ಚಿಪ್, ಇಂಜಿನ್ ಸ್ಟಾರ್ಟ್ ಮಾಡಲು ಕಾರಿಗೆ ಅನುಮತಿ ಕೊಡುವುದು ಇದೇ, ಇದನ್ನು ಹತ್ತಿರ ಹಿಡಿದರೆ ಸೆಲ್ ಇಲ್ಲದೆಯೂ ಓದಬಹುದು, ಏಕೆಂದರೆ ಬೇಕಾದ ಅಷ್ಟು ಕರೆಂಟನ್ನು ಕಾರೇ ಗಾಳಿಯಲ್ಲಿ ಕೊಡುತ್ತದೆ. ಮೂರನೆಯದು ಪಕ್ಕದಲ್ಲಿ ಸಣ್ಣ ಲಾಚ್ ಒತ್ತಿದರೆ ಹೊರಗೆ ಬರುವ ಲೋಹದ ಕೀ. ಹರಿಹರದಲ್ಲಿ ಅಮ್ಮನನ್ನು ಬಿಸಿಲಲ್ಲಿ ನಿಲ್ಲಿಸುವ ಅಗತ್ಯವೇ ಇರಲಿಲ್ಲ, ಆ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆಗೆಯಬಹುದಿತ್ತು. ಕೆಲವು ಕಾರುಗಳಲ್ಲಿ ತೂತು ಕಾಣದ ಹಾಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದನ್ನು ತೆಗೆಯಬೇಕು. ಹಾಗೆ ತೆಗೆದಾಗ ಅಲಾರಂ ಹೊಡೆದುಕೊಂಡರೆ ಹೆದರಬೇಡಿ, ಸ್ಟಾರ್ಟ್ ಆದರೆ ನಿಲ್ಲುತ್ತದೆ.

ಈಗ ಒಂದು ಪರೀಕ್ಷೆ ಮಾಡಿ. ಮುಂದಿನ ಸಲ ಕೈಕೊಟ್ಟಾಗ ಬ್ರೇಕ್ ತುಳಿದು ಕೀಯ ಮೂತಿಯನ್ನೇ ಸ್ಟಾರ್ಟ್ ಬಟನ್‌ಗೆ ಒತ್ತಿ ಹಿಡಿಯಿರಿ. ಹುಂಡೈನಲ್ಲಿ ಕೀಯಿಂದಲೇ ಬಟನ್ ಒತ್ತಬೇಕು, ಹೋಂಡಾ, ಟೊಯೊಟಾದಲ್ಲಿ ಲೋಗೊ ಇರುವ ಬದಿಯನ್ನು ಬಟನ್‌ಗೆ ತಾಗಿಸಬೇಕು, ಮಾರುತಿಯಲ್ಲೂ ಹೀಗೇ ತಾಗಿಸುವ ಉಪಾಯ ಇದೆ. ಸ್ಟಾರ್ಟ್ ಆಯಿತಾ? ಹಾಗಾದರೆ ಚಿಪ್ ಸರಿ ಇದೆ, ಕಾರಿನ ನೆನಪಿನಲ್ಲಿ ನಿಮ್ಮ ಕೀ ಇದೆ, ಕೋಡಿಂಗ್ ಎಲ್ಲಿಗೂ ಹೋಗಿಲ್ಲ. ಕೋಡಿಂಗ್ ಹೋಗಿದ್ದರೆ ಪೂರ್ತಿ ಹೋಗುತ್ತದೆ. ಎರಡು ಸಲ ತಟ್ಟಿದರೆ ವಾಪಸ್ ಬರೋದಿಲ್ಲ, ಅಲ್ವಾ?

ತಟ್ಟಿದರೆ ಸರಿಹೋಗುತ್ತದೆ ಅಂದಿರಲ್ಲ, ನನಗೆ ಅನುಮಾನ ಅಲ್ಲೇ. ಒಳಗೆ ಏನೋ ಸಡಿಲ ಇದೆ. ಕೀ ಬಿಚ್ಚಿ, ಆ ಹೊಸ ಸೆಲ್ ಮೇಲೆ ಯಾವ ನಂಬರ್ ಇದೆ ನೋಡಿ ಬರೆಯಿರಿ. ಜೊತೆಗೆ ಸೆಲ್ ಕೂರುವ ಜಾಗದಲ್ಲಿ ಅಥವಾ ಮುಚ್ಚಳದ ಒಳಗೆ ಏನು ಅಚ್ಚಾಗಿದೆ ಅದನ್ನೂ.

---

ಕಡಲತೀರ

ಮಂಗಳೂರಿನಿಂದ. ನನ್ನ ಕಥೆ ಸ್ವಲ್ಪ ಬೇರೆ, ಆದರೂ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ನಮ್ಮ ಕಾರಿನ ಒಳಗೆ ಕೂತಾಗ ಮಾತ್ರ ಕೀ ಸಿಗುತ್ತಿಲ್ಲ ಅಂತ ಬರುತ್ತಿತ್ತು, ಹೊರಗಿನಿಂದ ರಿಮೋಟ್ ಸರಿಯಾಗೇ ಕೆಲಸ ಮಾಡುತ್ತಿತ್ತು. ಸೆಲ್ ಎರಡು ಸಲ ಬದಲಾಯಿಸಿದೆ. ಕೊನೆಗೆ ನೋಡಿದರೆ ತಪ್ಪು ಡ್ಯಾಶ್‌ಕ್ಯಾಮ್‌ಗೆ ಹಾಕಿದ್ದ ಅಗ್ಗದ ಚಾರ್ಜರಿನದು. ಗೇರ್ ಹತ್ತಿರದ ಸಾಕೆಟ್‌ನಲ್ಲಿ ಅದು ಇತ್ತು, ಅದರ ಪಕ್ಕದ ಕಪ್ ಹೋಲ್ಡರಿನಲ್ಲಿ ನಾನು ದಿನಾ ಕೀ ಇಡುತ್ತಿದ್ದೆ. ಚಾರ್ಜರ್ ಕಿತ್ತೆ, ಆ ದಿನದಿಂದ ಇವತ್ತಿನವರೆಗೆ ಒಂದೇ ಒಂದು ಸಲ ತೊಂದರೆ ಆಗಿಲ್ಲ. ಕೀ ಮತ್ತು ಮೊಬೈಲ್ ಒಂದೇ ಜೇಬಿನಲ್ಲಿ ಅಂಟಿಕೊಂಡಿದ್ದರೂ ಹೀಗೆ ಆಗಬಹುದು.

ಇನ್ನೊಂದು, ಕೀ ವಾಷಿಂಗ್ ಮೆಷಿನ್‌ಗೆ ಹೋದರೆ ಅಕ್ಕಿ ಡಬ್ಬಿಗೆ ಹಾಕಬೇಡಿ. ನಾನು ಹಾಕಿದ್ದೆ. ಅಕ್ಕಿ ಹಿಟ್ಟು ಬಟನ್ ಸಂದಿಯಲ್ಲಿ ಸೇರಿಕೊಂಡಿತು, ಅಷ್ಟೇ ಲಾಭ. ತಕ್ಷಣ ಸೆಲ್ ತೆಗೆದು, ಬಿಚ್ಚಿ, ಫ್ಯಾನ್ ಕೆಳಗೆ ಒಂದು ದಿನ ಇಡಿ.

---

ಬೆಣ್ಣೆದೋಸೆ17

ಕೀಲಿಕೈ ಸರ್, ನಿಮಗೆ ದೊಡ್ಡ ನಮಸ್ಕಾರ. ಬೆಳಿಗ್ಗೆ ಕೈಕೊಟ್ಟಾಗ ಕೀ ಮೂತಿಯನ್ನು ಬಟನ್‌ಗೆ ಒತ್ತಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಮೂರು ಸಲ ಆಫ್ ಮಾಡಿ ನೋಡಿದೆ, ಮೂರೂ ಸಲ ಆಯಿತು. ಲೋಹದ ಕೀ ಒಳಗಿದೆ ಅಂತ ನನಗೆ ಒಂದು ವರ್ಷದಿಂದ ಗೊತ್ತೇ ಇರಲಿಲ್ಲ. ಅಮ್ಮನಿಗೆ ಈ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ.

ಸೆಲ್ ಮೇಲೆ ಸಿಆರ್ 2025 ಅಂತ ಇದೆ. ಮುಚ್ಚಳದ ಒಳಗೆ ಸಿಆರ್ 2032 ಅಂತ ಅಚ್ಚಾಗಿದೆ. ಎರಡೂ 3 ವೋಲ್ಟ್, ಅಗಲವೂ ಒಂದೇ ಇದ್ದ ಹಾಗೆ ಕಾಣುತ್ತದೆ. ಇದರಿಂದ ತೊಂದರೆ ಆಗುತ್ತದಾ?

---

ಹುಬ್ಬಳ್ಳಿ ಕೀಲಿಕೈ

ಆಗುತ್ತದೆ ಸರ್, ಸಿಕ್ಕಿತು ಕಳ್ಳ! ಆ ನಂಬರಿನಲ್ಲೇ ಅಳತೆ ಇದೆ. ಮೊದಲ 20 ಅಂದರೆ ಅಗಲ 20 ಮಿಲಿಮೀಟರ್, ಎರಡರಲ್ಲೂ ಒಂದೇ. ಕೊನೆಯ 32 ಅಂದರೆ ದಪ್ಪ 3.2 ಮಿಲಿಮೀಟರ್, 25 ಅಂದರೆ 2.5. ವ್ಯತ್ಯಾಸ 0.7 ಮಿಲಿಮೀಟರ್, ಅಷ್ಟರಲ್ಲೇ ಇದೆ ನಿಮ್ಮ ಮೂರು ವಾರದ ಕಾಟ. ತೆಳು ಸೆಲ್ ಒಳಗೆ ಕೂರುತ್ತದೆ, ಆದರೆ ಕೀ ಒಳಗಿನ ಲೋಹದ ಪಟ್ಟಿ ಅದಕ್ಕೆ ಬಿಗಿಯಾಗಿ ತಾಗೋದಿಲ್ಲ. ತಟ್ಟಿದಾಗ ತಾಗುತ್ತದೆ, ಜೇಬಿನಲ್ಲಿ ಅಲುಗಾಡಿದಾಗ ಬಿಡುತ್ತದೆ. ಕೆಲವರು ಸಂದಿಗೆ ಬೀಡಿ ಕಟ್ಟಿನ ಕಾಗದ, ಸಿಗರೇಟ್ ಫಾಯಿಲ್ ತುರುಕುತ್ತಾರೆ. ಬೇಡ, ಫಾಯಿಲ್‌ನಿಂದ ಶಾರ್ಟ್ ಆಗಬಹುದು.

ಒಳ್ಳೆ ಕಂಪನಿಯ ಸಿಆರ್ 2032 ತನ್ನಿ. ವೋಲ್ಟ್ ಅಳೆಯುವ ಮೀಟರ್ ಇದ್ದರೆ ನೋಡಿ, ಹೊಸದು 3 ವೋಲ್ಟ್ ಮೇಲೆ ತೋರಿಸಬೇಕು. ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡಿದ ಸೆಲ್‌ಗಳೂ ಇರುತ್ತವೆ, ಡೇಟ್ ನೋಡಿ. ಕೆಲವು ಸೆಲ್ ಮಕ್ಕಳು ನುಂಗಬಾರದು ಅಂತ ಕಹಿ ಲೇಪನ ಹಾಕಿ ಬರುತ್ತವೆ, ಒಳ್ಳೆಯದೇ, ಆದರೆ ಕೆಲವು ಕೀಗಳಲ್ಲಿ ಆ ಲೇಪನದಿಂದಲೇ ಕನೆಕ್ಷನ್ ಸಿಗೋದಿಲ್ಲ. ತೆಗೆದ ಹಳೆ ಸೆಲ್ ಮನೆಯಲ್ಲಿ ಎಲ್ಲೆಂದರಲ್ಲಿ ಬಿಸಾಕಬೇಡಿ. ಮಗು ನುಂಗಿದರೆ ಗಂಟೆಗಳಲ್ಲೇ ಗಂಟಲು ಸುಟ್ಟುಹೋಗುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಇನ್ನು 7,500ರ ಮಾತು. ಅವರು ನೋಡದೆ ಹೇಳಿದ್ದು ತಪ್ಪು. ಆದರೆ ಎರಡನೇ ಕೀ ಮಾತ್ರ ಮಾಡಿಸಿಕೊಳ್ಳಿ, ಇರೋದು ಕೆಲಸ ಮಾಡುತ್ತಿರುವಾಗಲೇ. ಒಂದು ಕೀ ಕೈಯಲ್ಲಿದ್ದರೆ ಇನ್ನೊಂದನ್ನು ಸೇರಿಸುವುದು ಸುಲಭದ ಕೆಲಸ. ಎಲ್ಲ ಕೀ ಕಳೆದುಹೋದ ಕಾರಿಗೆ ಕೀ ಮಾಡುವುದು ಬೇರೆಯದೇ ತಲೆನೋವು, ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ, ಕೆಲವನ್ನು ಎಳೆದುಕೊಂಡೇ ಹೋಗಬೇಕು. ಅದರ ರೇಟೇ ಬೇರೆ.

ಮನೆಗೆ ಬರುವವರನ್ನು ನಂಬಬಹುದಾ ಅಂದರೆ, ಆರ್‌ಸಿ ಮತ್ತು ನಿಮ್ಮ ಐಡಿ ಕೇಳದೆ ಕೆಲಸ ಶುರು ಮಾಡುವವನನ್ನು ವಾಪಸ್ ಕಳಿಸಿ. ಇವತ್ತು ನಿಮಗೆ ಕೇಳದೆ ಮಾಡಿಕೊಟ್ಟವನು ನಾಳೆ ಇನ್ಯಾರಿಗೋ ನಿಮ್ಮ ಕಾರಿನ ಕೀ ಮಾಡಿಕೊಡುತ್ತಾನೆ. ಆನ್‌ಲೈನ್‌ನಲ್ಲಿ ಸಿಗುವ ಹಳೆ ಸ್ಮಾರ್ಟ್ ಕೀ ಕೊಂಡು ಕೊಡಬೇಡಿ, ಬಹಳಷ್ಟು ಮೊದಲ ಕಾರಿಗೇ ಲಾಕ್ ಆಗಿರುತ್ತವೆ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಜಾಗ) ಇದೆ, ಅಲ್ಲಿಗೆ ಅವರು ಟ್ಯಾಬ್ ಜೋಡಿಸುತ್ತಾರೆ. ಆ ಹೊತ್ತಿನಲ್ಲಿ ಎಸಿ, ಹಾಡು, ಲೈಟ್ ಎಲ್ಲ ಆಫ್ ಇರಲಿ. ಕಾರಿನ ಬ್ಯಾಟರಿ ಡೌನ್ ಇದ್ದರೆ ಚಾರ್ಜರ್ ಹಾಕಿಕೊಂಡೇ ಮಾಡಬೇಕು, ಅರ್ಧದಲ್ಲಿ ಕರೆಂಟ್ ಬಿದ್ದರೆ ಇರುವ ಕೀಯೂ ಹೋಗಬಹುದು.

ಮತ್ತೆ ಇದು ಮುಖ್ಯ. ಕಾರಿನ ನೆನಪಿನಲ್ಲಿ ಎಷ್ಟು ಕೀ ಇವೆ ಅಂತ ಟ್ಯಾಬ್‌ನಲ್ಲಿ ತೋರಿಸಲು ಹೇಳಿ. ನೀವೇ ಕಣ್ಣಾರೆ ನೋಡಿ.

---

ಬೆಣ್ಣೆದೋಸೆ17

ಹತ್ತು ದಿನದ ನಂತರ ಬರೆಯುತ್ತಿದ್ದೇನೆ, ಬೈಯಬೇಡಿ. ಸಿಆರ್ 2032 ಹಾಕಿದೆ, 60 ರೂಪಾಯಿ. ಅವತ್ತಿನಿಂದ ಒಂದೇ ಒಂದು ಸಲವೂ ಕೈಕೊಟ್ಟಿಲ್ಲ.

ನಿನ್ನೆ ಎರಡನೇ ಕೀ ಮಾಡಿಸಿದೆ, ಬೇರೆಯವರ ಹತ್ತಿರ. ಬಂದ ಹುಡುಗ ಮೊದಲು ಆರ್‌ಸಿ ಕೇಳಿದ, ಫೋಟೋ ತೆಗೆದುಕೊಂಡ, ಆಮೇಲೆ ಬ್ಯಾಗ್ ಬಿಚ್ಚಿದ. ಎಷ್ಟು ಕೀ ಇವೆ ತೋರಿಸಪ್ಪ ಅಂದೆ. ಟ್ಯಾಬ್‌ನಲ್ಲಿ 2 ಅಂತ ಬಂತು. ನನ್ನ ಹತ್ತಿರ ಇರೋದು ಒಂದು! ಅಂದರೆ ಕಳೆದುಹೋದ ಆ ಕೀ ಒಂದು ವರ್ಷದಿಂದ ನನ್ನ ಕಾರನ್ನು ಸ್ಟಾರ್ಟ್ ಮಾಡಲು ರೆಡಿಯಾಗಿ ಎಲ್ಲೋ ಬಿದ್ದಿತ್ತು. ಯಾರ ಕೈಯಲ್ಲಿದೆಯೋ ದೇವರಿಗೇ ಗೊತ್ತು. ಹುಡುಗ ಎಲ್ಲ ಅಳಿಸಿ, ನನ್ನ ಹಳೆಯ ಕೀ ಮತ್ತು ಹೊಸದು ಎರಡನ್ನೂ ಮತ್ತೆ ಸೇರಿಸಿದ. ಇಪ್ಪತ್ತು ನಿಮಿಷದ ಕೆಲಸ. ಈಗ ಆ ಕಳೆದ ಕೀ ಸಿಕ್ಕರೂ ಯಾರಿಗೂ ಪ್ರಯೋಜನ ಇಲ್ಲ.

---

ಕಡಲತೀರ

ಅಯ್ಯೋ, ನಾನೂ ಸೆಕೆಂಡ್ ಹ್ಯಾಂಡ್ ಕಾರೇ ತಗೊಂಡಿದ್ದು, ನಾಳೆಯೇ ನೋಡಿಸಬೇಕು. ಇನ್ಶೂರೆನ್ಸ್ ವಿಷಯ ಮರೆಯಬೇಡಿ ಸರ್. ಕಾರು ಕಳುವಾದರೆ ಕ್ಲೇಮ್ ಮಾಡುವಾಗ ಎರಡೂ ಕೀ ಕೊಡಿ ಅಂತ ಕೇಳುತ್ತಾರೆ. ಒಂದು ಕಳೆದುಹೋಗಿದೆ ಅನ್ನುವುದಕ್ಕೆ ಕಳೆದ ವಸ್ತುಗಳಿಗೆ ಅಂತ ಇರುವ ಪೊಲೀಸರ ಆನ್‌ಲೈನ್ ಇ-ಲಾಸ್ಟ್‌ನಲ್ಲಿ ದೂರು ಹಾಕಿ ಅದರ ಪ್ರಿಂಟ್ ಇಟ್ಟುಕೊಳ್ಳಿ.

---

ಹುಬ್ಬಳ್ಳಿ ಕೀಲಿಕೈ

ಒಳ್ಳೆಯದಾಯಿತು ಸರ್. ಒಂದು ತಿದ್ದುಪಡಿ ಮಾತ್ರ. ಪ್ರಯೋಜನ ಇಲ್ಲ ಅಂದಿರಲ್ಲ, ಅರ್ಧ ಸರಿ. ಅದರಿಂದ ಇನ್ನು ಕಾರು ಸ್ಟಾರ್ಟ್ ಆಗೋದಿಲ್ಲ, ರಿಮೋಟ್ ಕೂಡ ಕೆಲಸ ಮಾಡೋದಿಲ್ಲ. ಆದರೆ ಅದರ ಹೊಟ್ಟೆಯಲ್ಲೂ ಒಂದು ಲೋಹದ ಕೀ ಇದೆ, ಅದನ್ನು ಯಾವ ಟ್ಯಾಬೂ ಅಳಿಸೋದಿಲ್ಲ. ಬಾಗಿಲು ತೆಗೆಯುತ್ತದೆ. ಲಾಕ್ ಬದಲಾಯಿಸುವ ತನಕ ಲ್ಯಾಪ್‌ಟಾಪ್ ಕಾರಿನಲ್ಲಿ ಬಿಟ್ಟು ಹೋಗಬೇಡಿ.