ಟ್ರೆಲ್ಯೂ ಊರಿನಲ್ಲಿ ಮಗಳನ್ನು ಯಾವ ಶಾಲೆಗೆ ಸೇರಿಸೋಣ?

ಟ್ರೆಲ್ಯೂ, ಅರ್ಜೆಂಟೀನಾ

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಯಜಮಾನರ ಗಾಳಿ ವಿದ್ಯುತ್ ಕೆಲಸದ ನಿಮಿತ್ತ ನಾವು ಪಟಗೋನಿಯಾದ ಚುಬುತ್ ಪ್ರಾಂತ್ಯಕ್ಕೆ ಬಂದಿದ್ದೇವೆ. ನಮಗೆ ತಿಳಿದ ಮಟ್ಟಿಗೆ ಈ ಊರಿನಲ್ಲಿ ನಮ್ಮದೊಂದೇ ಕನ್ನಡದ ಮನೆ. ಬರುವ ಮಾರ್ಚಿನಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಬೇಕಾಗಿದೆ. ಮನೆಯ ಹತ್ತಿರವೇ ಸರ್ಕಾರಿ ಸ್ಪ್ಯಾನಿಷ್ ಶಾಲೆಯಿದೆ. ಅದನ್ನು ಬಿಟ್ಟರೆ, ಬ್ರಿಟನ್ನಿನ ವೇಲ್ಸ್‌ನಿಂದ 1865ರಲ್ಲಿ ಬಂದು ಈ ಕಣಿವೆಯಲ್ಲಿ ನೆಲೆಸಿದವರ ವಂಶಸ್ಥರ ಪ್ರಯತ್ನದಿಂದ ನಡೆಯುತ್ತಿರುವ, ಅವರ ಭಾಷೆಯಾದ ವೆಲ್ಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಲಿಸುವ ಶಾಲೆಯಿದೆ.

ಈ ಎರಡನೆಯ ಶಾಲೆಯ ವಿಷಯ ಹೇಳಿದವರು ಪಕ್ಕದ ಮನೆಯ ಅಜ್ಜಿ. ಒಣದ್ರಾಕ್ಷಿ ತುಂಬಿದ ಕರಿ ಕೇಕನ್ನು ತೆಳ್ಳಗೆ ಹೆಚ್ಚಿ ತಟ್ಟೆಗಿಟ್ಟು, ಇನ್ನೊಂದು ಕೈಯಲ್ಲಿ 'ಮಾತೆ' ಎಂಬ ಇಲ್ಲಿನ ಎಲೆಕಷಾಯದ ಸೋರೆಬುರುಡೆಗೆ ಬಿಸಿನೀರು ಸುರಿಯುತ್ತಲೇ ಅವರು ತಮ್ಮ ಮನೆಯ ಕಥೆ ಹೇಳಿದರು. ಚಾಪೆಲಿನ, ಅಂದರೆ ಇಲ್ಲಿನ ವೆಲ್ಷ್ ಪ್ರಾರ್ಥನಾಮಂದಿರದ, ವೆಲ್ಷ್ ಸ್ತೋತ್ರಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಅವರ ತಂದೆತಾಯಿ ತಮ್ಮತಮ್ಮಲ್ಲಿ ವೆಲ್ಷ್ ಆಡಿಕೊಂಡು ಮಕ್ಕಳೊಡನೆ ಸ್ಪ್ಯಾನಿಷ್ ಆಡುತ್ತಿದ್ದುದರಿಂದ, ತಾವು ಹಾಡುವ ಸಾಲುಗಳಲ್ಲಿ ಅರ್ಧದ ಅರ್ಥ ಅವರಿಗೇ ತಿಳಿಯದಂತೆ. ಅವರ ಮೊಮ್ಮಗ ಮಾತ್ರ ಶಾಲೆಯಲ್ಲಿ ಕಲಿತು ಸಲೀಸಾಗಿ ಮಾತನಾಡುತ್ತಾನೆ. ಚಾಪೆಲು, ಪತ್ರಿಕೆ, ಸ್ವಂತ ನೆಲ ಎಲ್ಲ ಇದ್ದವರ ಮನೆಯಲ್ಲೇ ಮಾತು ಒಂದು ತಲೆಮಾರಿಗೆ ತಪ್ಪಿಹೋದರೆ, ಹಿಂದೆಮುಂದೆ ಯಾರೂ ಇಲ್ಲದ ನಮ್ಮ ಕನ್ನಡದ ಗತಿಯೇನು ಎಂಬ ಯೋಚನೆ ಅಂದಿನಿಂದ ಬಿಟ್ಟಿಲ್ಲ. ಸ್ಪ್ಯಾನಿಷಿನ ಜೊತೆಗೆ ವೆಲ್ಷ್ ಕೂಡ ಸೇರಿದರೆ ಕನ್ನಡಕ್ಕೆ ಉಳಿದ ಜಾಗವೂ ಹೋದೀತೆ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಬ್ಯೂನಸ್ ಐರಿಸ್

ತಂಗೀ, ಮೊದಲು ಕಾಗದಪತ್ರ ಸರಿಮಾಡಿಕೊಳ್ಳಿ. ಮಗುವಿನ ಜನನ ಪ್ರಮಾಣಪತ್ರಕ್ಕೆ ಭಾರತದಲ್ಲಿ ಅಪೊಸ್ಟಿಲ್ (ವಿದೇಶದಲ್ಲಿ ಮಾನ್ಯವಾಗುವ ಸರ್ಕಾರಿ ದೃಢೀಕರಣ) ಮಾಡಿಸಿ, ಇಲ್ಲಿನ ಅಧಿಕೃತ ಅನುವಾದಕರಿಂದ ಸ್ಪ್ಯಾನಿಷಿಗೆ ಅನುವಾದ ಮಾಡಿಸಿ. ವಾಸದ ಪರವಾನಗಿ ಇನ್ನೂ ಕೈಸೇರಿಲ್ಲವೆಂದು ಹೆದರಬೇಡಿ. ಆ ಕಾರಣಕ್ಕೆ ಮಗುವಿಗೆ ಶಾಲೆಯ ಬಾಗಿಲು ಮುಚ್ಚುವಂತಿಲ್ಲವೆಂದು 25.871ನೆಯ ಸಂಖ್ಯೆಯ ವಲಸೆ ಕಾನೂನಿನಲ್ಲೇ ಇದೆ. ಇಲ್ಲಿ ಬಹಳಷ್ಟು ಶಾಲೆಗಳು ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ನಾಲ್ಕೈದು ಗಂಟೆಯಷ್ಟೇ ನಡೆಯುತ್ತವೆ. ಆದ್ದರಿಂದ ಪಾಳಿ ಯಾವುದು, ಅದರಲ್ಲಿ ವೆಲ್ಷ್ ಎಷ್ಟು ಹೊತ್ತು ಎಂಬುದನ್ನು ಕೇಳಿಕೊಳ್ಳಿ. ಉಳಿದ ಅರ್ಧ ದಿನ ಮಗು ನಿಮ್ಮ ಕೈಯಲ್ಲೇ ಇರುತ್ತದೆ, ಕನ್ನಡಕ್ಕೆ ಅಷ್ಟು ಸಾಕು. ಬಿಡುವಿನ ವೇಳೆಯಲ್ಲಿ ಹೋಗಿ ಅಂಗಳದಲ್ಲಿ ನಿಂತು ಕೇಳಿ. ಎರಡೂ ಕಡೆ ಮಕ್ಕಳ ಆಟದ ಮಾತು ಸ್ಪ್ಯಾನಿಷೇ ಇದ್ದೀತು, ಹಾಗಾಗಿ ಅದರ ಚಿಂತೆ ನಿಮಗೆ ಬೇಡ.

ನ್ಯೂಜೆರ್ಸಿ

ಇಂಥ ಪ್ರಶ್ನೆಗೆ ನಯವಾಗಿ ಉತ್ತರಿಸಿದರೆ ಯಾರಿಗೂ ಉಪಯೋಗವಿಲ್ಲ, ಆದ್ದರಿಂದ ಖಡಾಖಂಡಿತವಾಗಿಯೇ ಬರೆಯುತ್ತಿದ್ದೇನೆ. ಆ ಶಾಲೆಗೆ ಸೇರಿಸಬೇಡಿ. ಸ್ವಂತ ಭಾಷೆಗಾಗಿ ಹಡಗು ಹತ್ತಿ ಭೂಮಿಯ ಆ ತುದಿಗೆ ಹೋದ ಜನ ಒಂದೂವರೆ ಶತಮಾನದ ಕೊನೆಗೆ ಉಳಿಸಿಕೊಂಡದ್ದೇನು? ಗೈಮನ್ ಊರಿನ ಚಹಾ ಮನೆಗಳು, ನೀವು ಹೇಳಿದ ಕರಿ ಕೇಕು, ಮತ್ತು 1995ರಲ್ಲಿ ರಾಜಕುಮಾರಿ ಡಯಾನಾ ಬಂದು ಚಹಾ ಕುಡಿದುಹೋದರೆಂಬ ಹೆಗ್ಗಳಿಕೆ. ವೆಲ್ಷ್ ಮೂಲದವರು ಆ ದೇಶದಲ್ಲಿ ಸುಮಾರು 50,000 ಮಂದಿ ಎನ್ನುತ್ತಾರೆ, ಮಾತನಾಡಬಲ್ಲವರು ಕೆಲವೇ ಸಾವಿರ. ಅವರಿಗೇ ದಕ್ಕದ ಭಾಷೆಯನ್ನು ನಮ್ಮ ಮಗುವಿನ ತಲೆಗೆ ಏಕೆ ಕಟ್ಟಬೇಕು? ಸ್ಪ್ಯಾನಿಷ್ ಚೆನ್ನಾಗಿ ಕಲಿಸಿ, ಇಂಗ್ಲಿಷ್ ಕಲಿಸಿ; ಕನ್ನಡವನ್ನು ಎಷ್ಟಾಗುತ್ತದೋ ಅಷ್ಟು ನೋಡಿಕೊಳ್ಳಿ, ಆಗದಿದ್ದರೆ ಅದಕ್ಕಾಗಿ ಅಳುತ್ತ ಕೂರಬೇಡಿ. ನನ್ನ ಮಕ್ಕಳಿಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ಇಬ್ಬರೂ ವೈದ್ಯರಾಗಿದ್ದಾರೆ, ಅಜ್ಜಿಯೊಡನೆ ವಿಡಿಯೊ ಕರೆಯಲ್ಲಿ ನಕ್ಕು ಕೈಬೀಸುತ್ತಾರೆ. ನಾಲ್ಕು ದೋಣಿಗಳಲ್ಲಿ ಕಾಲಿಟ್ಟ ಮಗು ಯಾವ ದಡವನ್ನೂ ಸೇರುವುದಿಲ್ಲ.

ಕಾರ್ಡಿಫ್, ವೇಲ್ಸ್

ನ್ಯೂಜೆರ್ಸಿಯ ಹಿರಿಯರು ಕೊನೆಯ ಪುಟವನ್ನಷ್ಟೇ ಓದಿ ತೀರ್ಪು ಕೊಟ್ಟಿದ್ದಾರೆ. ನನ್ನ ಮಕ್ಕಳು ಇಲ್ಲಿ ವೆಲ್ಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಿರುವುದರಿಂದ ಈ ವಿಷಯ ನನಗೆ ದೂರದ್ದಲ್ಲ.

ಆ ಮೊದಲ ವಲಸಿಗರನ್ನು ಹೊತ್ತ ಮಿಮೋಸಾ ಹಡಗು 1865ರ ಮೇ 28ರಂದು ಲಿವರ್‌ಪೂಲ್ ಬಿಟ್ಟು ಜುಲೈ 28ರಂದು, ಇಂದು ಪುಯೆರ್ತೊ ಮಾದ್ರಿನ್ ಇರುವ ಕಡಲತೀರವನ್ನು ಮುಟ್ಟಿತು. ಅದರಲ್ಲಿದ್ದವರು ಸುಮಾರು 150 ಜನ. ವೇಲ್ಸ್‌ನ ಹಳ್ಳಿಗಳಲ್ಲಿ ಜಮೀನುದಾರರ ಕಾಟ ಒಂದು ಕಡೆ, ವೆಲ್ಷ್ ಭಾಷೆಯೇ ಜನರ ಹಿಂದುಳಿಯುವಿಕೆಗೆ ಕಾರಣವೆಂದು ಸಾರಿದ 1847ರ ಸರ್ಕಾರಿ ವರದಿ ಇನ್ನೊಂದು ಕಡೆ. ಅಮೆರಿಕಕ್ಕೆ ಹೋದ ವೆಲ್ಷ್ ಮಕ್ಕಳು ಬಹುಬೇಗ ಇಂಗ್ಲಿಷಿಗೆ ಹೊರಳುವುದನ್ನು ಕಣ್ಣಾರೆ ಕಂಡು ಬಂದ ಬಾಲಾ ಊರಿನ ಪಾದ್ರಿ ಮೈಕೇಲ್ ಡಿ. ಜೋನ್ಸ್, ಇಂಗ್ಲಿಷಿನ ನೆರಳು ಬೀಳದ ಜಾಗವೇ ಬೇಕೆಂದು ಪಟಗೋನಿಯಾದ ಯೋಜನೆಯ ಬೆನ್ನು ಹತ್ತಿದರು. ಹೋಗಿ ನೋಡಿದರೆ ಕುಡಿಯುವ ನೀರಿಗೂ ತತ್ವಾರ. ಮೊದಲ ಬೆಳೆಗಳು ಒಣಗಿದವು. ನದಿಯ ನೀರನ್ನು ಕಾಲುವೆ ತೋಡಿ ಹೊಲಕ್ಕೆ ಹರಿಸೋಣವೆಂದು 1867ರಲ್ಲಿ ಸೂಚಿಸಿದವರು ರೇಚಲ್ ಜೆಂಕಿನ್ಸ್ ಎಂಬ ಗೃಹಿಣಿ ಎಂದು ಆ ಕಣಿವೆಯವರು ಇಂದಿಗೂ ಹೇಳುತ್ತಾರೆ. ಆಮೇಲೆ ಅಲ್ಲಿ ಗೋಧಿ ಬೆಳೆಯಿತು. ಆ ಕಾಲಕ್ಕೇ ಹದಿನೆಂಟು ತುಂಬಿದ ಹೆಂಗಸರಿಗೂ ಅಲ್ಲಿ ಮತದಾನದ ಹಕ್ಕಿತ್ತು.

ನನ್ನ ಮುಖ್ಯ ಮಾತು ಇದು: ಆ ಜನರ ಪಂಚಾಯಿತಿ, ನ್ಯಾಯ, ಶಾಲೆ, ಕಾಲುವೆಯ ಪಾಳಿ, ಸಹಕಾರ ಸಂಘದ ವ್ಯವಹಾರ, 1891ರಲ್ಲಿ ವಲಸಿಗರ ಮುಂದಾಳು ಲೂಯಿಸ್ ಜೋನ್ಸ್ ಆರಂಭಿಸಿದ 'ಅ ದ್ರಾವೊದ್' ಪತ್ರಿಕೆ, ಎಲ್ಲವೂ ವೆಲ್ಷ್ ಭಾಷೆಯಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಯಾವ ತಾಯಿಯೂ ಮಗುವಿಗೆ ಭಾಷೆ ಉಳಿಸೆಂದು ಹೇಳಬೇಕಾಗಿರಲಿಲ್ಲ. ಮುಂದೆ ಅರ್ಜೆಂಟೀನಾ ಸರ್ಕಾರ ಶಾಲೆಗಳನ್ನು ಸ್ಪ್ಯಾನಿಷಿಗೆ ತಿರುಗಿಸಿತು, ಬೇರೆ ಕಡೆಯ ಜನ ಬಂದು ನೆಲೆಸಿದರು, ಸಹಕಾರ ಸಂಘವೂ 1930ರ ದಶಕದಲ್ಲಿ ಮುಳುಗಿತು. ಆಗ ವೆಲ್ಷ್ ಭಾಷೆಗೆ ಉಳಿದದ್ದು ಚಾಪೆಲು ಮತ್ತು ಅಡುಗೆಮನೆ. ನಿಮ್ಮ ನೆರೆಮನೆಯ ಅಜ್ಜಿ ಆ ಕಾಲದ ಮಗು. ಅವರ ಮೊಮ್ಮಗ ಬೇರೊಂದು ಕಾಲದವನು: 1965ರ ಶತಮಾನೋತ್ಸವದ ನಂತರ ವೇಲ್ಸ್‌ನೊಡನೆ ಹೋಗಿಬರುವುದು ಮತ್ತೆ ಶುರುವಾಯಿತು, 1997ರಿಂದ ಇಲ್ಲಿಂದ ಶಿಕ್ಷಕರನ್ನು ಕಳುಹಿಸುವ ಯೋಜನೆ ನಡೆಯುತ್ತಿದೆ. ಮನೆಯಲ್ಲಿ ತಪ್ಪಿದ್ದನ್ನು ಶಾಲೆ ಹಿಡಿದುಕೊಂಡಿತು. ಕೇಕು ಮಾತ್ರ ಉಳಿಯಿತೆನ್ನುವವರು ಆ ಹುಡುಗನನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಇನ್ನು ಮೇಡಂ ಅವರ ಆತಂಕ. ನನಗಾಗಲಿ ನನ್ನ ಪತ್ನಿಗಾಗಲಿ ವೆಲ್ಷ್ ಬಾರದು. ಕಾರ್ಡಿಫಿನ ಈ ಶಾಲೆಗಳಲ್ಲಿ ಬಹುಪಾಲು ಮನೆಗಳ ಸ್ಥಿತಿ ಇದೇ. ಮಕ್ಕಳ ಕನ್ನಡ ಅದರಿಂದ ಕೆಟ್ಟಿಲ್ಲ. ಅದನ್ನು ನಿಜವಾಗಿ ಹಿಂದಕ್ಕೆ ತಳ್ಳುತ್ತಿರುವುದು ಮನೆಯೊಳಗೆ ನಾವೇ ಆಡುವ ಇಂಗ್ಲಿಷ್.

ನ್ಯೂಜೆರ್ಸಿ

ಇತಿಹಾಸದ ಪಾಠಕ್ಕೆ ಧನ್ಯವಾದ, ಆದರೆ ಅದು ನನ್ನ ವಾದವನ್ನೇ ಗಟ್ಟಿಮಾಡಿತು. ವೇಲ್ಸ್‌ನಿಂದ ಸರ್ಕಾರ ಶಿಕ್ಷಕರನ್ನು ಕಳುಹಿಸಿದ್ದರಿಂದ ವೆಲ್ಷ್ ಉಳಿಯಿತು. ಟ್ರೆಲ್ಯೂ ಊರಿಗೆ ಕನ್ನಡದ ಮೇಷ್ಟ್ರನ್ನು ಯಾವ ಸರ್ಕಾರ ಕಳುಹಿಸುತ್ತದೆ? ಇನ್ನೊಂದು ಮಾತು, ಆ ನೆಲ ಖಾಲಿಯಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ತೆವೆಲ್ಚೆ ಜನ ಬೇಟೆಯಾಡುವುದನ್ನು ಕಲಿಸಿ, ರೊಟ್ಟಿಗೆ ಬದಲಾಗಿ ಮಾಂಸ ಕೊಟ್ಟು ಈ ವಲಸಿಗರನ್ನು ಬದುಕಿಸಿದರು. ಅವರ ಭಾಷೆಗೆ ಅಲ್ಲಿ ಎಷ್ಟು ಶಾಲೆಗಳಿವೆ ಎಂಬುದನ್ನೂ ಕಾರ್ಡಿಫಿನವರು ಬರೆಯಲಿ.

ಮಸ್ಕತ್

ಅರ್ಜೆಂಟೀನಾದ ಅಕ್ಕನವರೇ, ಮಕ್ಕಳಿಗೆ ವೇದಿಕೆ ಕೊಡಿ, ಭಾಷೆ ತಾನಾಗಿ ಬರುತ್ತದೆ. ನಮ್ಮ ಮಗ ಇಲ್ಲಿನ ರಾಜ್ಯೋತ್ಸವದಲ್ಲಿ ಪ್ರತಿವರ್ಷ ವಚನ ಹೇಳುತ್ತಾನೆ, ಕಳೆದ ಬಾರಿ ಮೊದಲ ಬಹುಮಾನವೂ ಬಂತು. ನಿಮ್ಮ ಊರಿನಲ್ಲೂ ಐಸ್ತೆದ್‌ವೊದ್ ಎಂಬ ಹಾಡು ಮತ್ತು ಕಾವ್ಯಗಳ ದೊಡ್ಡ ಸ್ಪರ್ಧೆ ಅಕ್ಟೋಬರಿನಲ್ಲಿ ನಡೆಯುತ್ತದೆಯಲ್ಲವೇ? ವೆಲ್ಷ್ ಕವಿತೆಗೆ ಪೀಠ, ಸ್ಪ್ಯಾನಿಷ್ ಕವಿತೆಗೆ ಕಿರೀಟ ಎಂದು ಎರಡಕ್ಕೂ ಗೌರವ ಇಟ್ಟಿದ್ದಾರಂತೆ. ಮಗಳನ್ನು ಮಕ್ಕಳ ಗಾಯನವೃಂದಕ್ಕೆ ಸೇರಿಸಿ. ನಮ್ಮ ಮಗನ ವಿಡಿಯೊವನ್ನು ಇಲ್ಲೇ ಹಾಕುತ್ತೇನೆ, ಎಲ್ಲರೂ ಆಶೀರ್ವದಿಸಬೇಕು.

ಟೊರೊಂಟೊ

ನಾವು ಕುಂದಾಪುರದ ಕಡೆಯ ಕೊಂಕಣಿಯವರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕುಂದಾಪ್ರ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಉಡುಪಿಯತ್ತ ಹೋದರೆ ತುಳು. ಯಾವ ದಡವೂ ಸೇರದೆ ಮುಳುಗಿದವರನ್ನು ನಾನು ಆ ಊರಿನಲ್ಲಿ ಕಾಣಲಿಲ್ಲ, ಬಹುಪಾಲು ಮಂದಿ ಅಂಗಡಿಯನ್ನೂ ಬ್ಯಾಂಕನ್ನೂ ಚೆನ್ನಾಗಿಯೇ ನಡೆಸಿದರು.

ಕಾರ್ಡಿಫಿನವರ ಮಾತಿಗೆ ಕೆನಡಾದ ಸಾಕ್ಷಿಯೊಂದಿದೆ. 1899ರಲ್ಲಿ ಚುಬುತ್ ನದಿ ಉಕ್ಕಿ ಕಣಿವೆಯನ್ನು ತೊಳೆದುಹಾಕಿತು. ಆ ನಷ್ಟಕ್ಕೆ, ಚಾಪೆಲಿನ ದಿನವಾದ ಭಾನುವಾರದಂದೇ ಸೈನಿಕ ಕವಾಯತು ಮಾಡಬೇಕೆಂಬ ಸರ್ಕಾರದ ಹಠವೂ ಜೊತೆಯಾಗಿ, 1902ರಲ್ಲಿ 200ಕ್ಕೂ ಹೆಚ್ಚು ಜನ ಅಲ್ಲಿಂದ ಎದ್ದು ನಮ್ಮ ಸಸ್ಕಾಚೆವಾನ್ ಪ್ರಾಂತ್ಯಕ್ಕೆ ಬಂದರು. ಮೂಲ ಒಂದೇ, ಚಾಪೆಲು ಒಂದೇ, ಆದರೆ ಇಲ್ಲಿ ಸುತ್ತಲೂ ಇಂಗ್ಲಿಷ್ ಇತ್ತು. ಅವರ ವೆಲ್ಷ್ ಇಂಗ್ಲಿಷಿನಲ್ಲಿ ಕರಗಿತು. ಅದೇ ವರ್ಷ ಏಪ್ರಿಲ್ 30ರಂದು, ಅರ್ಜೆಂಟೀನಾ ಮತ್ತು ಚಿಲಿ ದೇಶಗಳ ಗಡಿ ತಕರಾರಿನಲ್ಲಿ, ಆಂಡಿಸ್ ತಪ್ಪಲಿನ ಟ್ರೆವೆಲಿನ್ ಕಡೆಯ ವೆಲ್ಷ್ ರೈತರು ಅಲ್ಲಿನ ಶಾಲೆಯಲ್ಲಿ ಸೇರಿ ತಾವು ಅರ್ಜೆಂಟೀನಾದ ಕಡೆ ಎಂದು ಹೇಳಿದರು. ಕೇಳಿಕೊಂಡ ಬ್ರಿಟಿಷ್ ಮಧ್ಯಸ್ಥಿಕೆಯ ಅಧಿಕಾರಿ ಥಾಮಸ್ ಹೋಲ್ಡಿಚ್, ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿಯನ್ನು ಅಳೆದು ಬಂದಿದ್ದ ಮನುಷ್ಯ ಎಂಬುದು ಸ್ವಾರಸ್ಯದ ಸಂಗತಿ. ಭಾಷೆಗಾಗಿ ಸರ್ಕಾರದೊಡನೆ ಜಗಳವಾಡಿದವರೇ ದೇಶದ ಪ್ರಶ್ನೆ ಬಂದಾಗ ಹಿಂದೆಮುಂದೆ ನೋಡಲಿಲ್ಲ. ಮನೆಮಾತು ಗಟ್ಟಿಯಾದರೆ ಮಗು ಪರದೇಶಿಯಾಗುತ್ತದೆಂದು ಹೆದರಿಸುವವರು ಇದನ್ನು ಗಮನಿಸಬೇಕು.

ನ್ಯೂಜೆರ್ಸಿ

ನಾನು ಯಾರನ್ನೂ ಹೆದರಿಸಲಿಲ್ಲ. ಕುಂದಾಪುರದಲ್ಲಿ ಆ ನಾಲ್ಕೂ ಭಾಷೆಗಳಿಗೆ ಬೀದಿಯಿತ್ತು, ಟ್ರೆಲ್ಯೂನಲ್ಲಿ ಕನ್ನಡಕ್ಕೆ ಬೀದಿಯಿಲ್ಲ. ಹೋಲಿಕೆಯೇ ತಪ್ಪು.

ಟ್ರೆಲ್ಯೂ, ಅರ್ಜೆಂಟೀನಾ

ಎಲ್ಲರಿಗೂ ಧನ್ಯವಾದಗಳು. ನ್ಯೂಜೆರ್ಸಿಯ ಸರ್ ಬರೆದುದನ್ನು ಓದಿದ ಮೇಲೆ ನಮ್ಮ ಯಜಮಾನರು ಸರ್ಕಾರಿ ಶಾಲೆಯೇ ಸಾಕೆಂದು ಪಟ್ಟು ಹಿಡಿದಿದ್ದಾರೆ. ಬ್ಯೂನಸ್ ಐರಿಸ್‌ನ ಅಕ್ಕ ಹೇಳಿದ ಪಾಳಿಯ ಲೆಕ್ಕವನ್ನು ಅವರ ಮುಂದಿಟ್ಟರೆ ಕೇಳಿಸಿಕೊಳ್ಳುತ್ತಿಲ್ಲ. ನನಗೆ ತಿಳಿಯಬೇಕಾದದ್ದು ಇಷ್ಟೇ: ವೆಲ್ಷ್ ಓದು ಶುರುವಾದ ಹೊತ್ತಿಗೇ ಕನ್ನಡದ ಅಕ್ಷರವನ್ನೂ ಕಲಿಸಬಹುದೇ, ಅಥವಾ ಒಂದೆರಡು ವರ್ಷ ತಡೆಯಬೇಕೇ?

ಕಾರ್ಡಿಫ್, ವೇಲ್ಸ್

ತಡೆಯಬೇಡಿ. ವೆಲ್ಷ್ ಮತ್ತು ಸ್ಪ್ಯಾನಿಷ್ ಎರಡಕ್ಕೂ ಒಂದೇ ರೋಮನ್ ಲಿಪಿ, ಗೊಂದಲವಾದರೆ ಅವೆರಡರ ನಡುವೆ ಆದೀತು. ಕನ್ನಡದ ಅಕ್ಷರ ನೋಟಕ್ಕೇ ಬೇರೆ. ನಾವು ಊಟಕ್ಕೆ ಮುಂಚೆ ಕಾಲು ಗಂಟೆ, ಮೊದಲು ಅವರವರ ಹೆಸರಿನ ಅಕ್ಷರ, ಆಮೇಲೆ ಡಬ್ಬಿಗಳ ಮೇಲೆ ಅಂಟಿಸಿದ ಬೇಳೆ, ರವೆ, ಸಕ್ಕರೆ ಎಂಬ ಚೀಟಿಗಳಿಂದ ಕಲಿಸಿದೆವು. ಒತ್ತಕ್ಷರಕ್ಕೆ ಅವಸರ ಮಾಡಲಿಲ್ಲ. ಮಗಳನ್ನು ಒಂದು ದಿನದ ಮಟ್ಟಿಗೆ ತರಗತಿಯಲ್ಲಿ ಕೂರಿಸಿಕೊಳ್ಳುವಿರಾ ಎಂದು ಆ ಶಾಲೆಯವರನ್ನು ಕೇಳಿ, ಯಜಮಾನರನ್ನೂ ಕರೆದುಕೊಂಡು ಹೋಗಿ.

ನ್ಯೂಜೆರ್ಸಿ

ಸಕ್ಕರೆ ಡಬ್ಬಿಯ ಚೀಟಿ ನಮ್ಮ ಮನೆಯಲ್ಲೂ ಇತ್ತು. ಮಕ್ಕಳು ಮಿಡಲ್ ಸ್ಕೂಲಿಗೆ ಬಂದ ಮೇಲೆ ಏನಾಯಿತೆಂದು ಕಾರ್ಡಿಫಿನವರು ಆಗ ಬರೆಯಲಿ, ನಾನು ಇದೇ ಗುಂಪಿನಲ್ಲಿ ಇರುತ್ತೇನೆ.