30 ದಿನದಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ಪ್ರಶ್ನೆ: ನಮಸ್ಕಾರ ಮೇಡಂ. ಹೊಲಿಗೆ ಯಂತ್ರದ ರಿಪೇರಿ, ಬಿಡಿಭಾಗಗಳ ವ್ಯಾಪಾರ ನಮ್ಮದು. ಹೋದ ವರ್ಷ ಒಬ್ಬರ ಹತ್ತಿರ ವೆಬ್‌ಸೈಟಿಗೆ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವ ಹಾಗೆ ಮಾಡುವ ಕೆಲಸ) ಮಾಡಿಸಿದ್ದೆ. ಶುರುವಿನಲ್ಲಿ ಫೋನ್ ಜಾಸ್ತಿ ಬಂತು, ನಾಲ್ಕೈದು ತಿಂಗಳಿಗೆ ಪೂರ್ತಿ ನಿಂತೇಹೋಯ್ತು. ಈಗ ಇನ್ನೊಂದು ಕಂಪನಿಯವರು 30 ದಿನದಲ್ಲಿ ಮೊದಲ ಸ್ಥಾನ ಗ್ಯಾರಂಟಿ, ಜೊತೆಗೆ 500 ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಲಿಂಕ್) ಫ್ರೀ ಅಂತಿದ್ದಾರೆ. ನಂಬಬಹುದಾ? ನ್ಯಾಯವಾದ ದಾರಿಯಲ್ಲೇ ಹೋಗೋದಾದ್ರೆ ಏನು ಮಾಡಬೇಕು?

ಉತ್ತರ: ಒಪ್ಪಿಕೊಳ್ಳಬೇಡಿ ಸರ್. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ, ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹಾಗೆ ಬರೆದಿದೆ. ಇನ್ನು ಆ 500 ಲಿಂಕ್. ಒಂದು ಸೈಟು ಇನ್ನೊಂದಕ್ಕೆ ಲಿಂಕ್ ಕೊಡೋದು ಅಂದರೆ ‘ಇವರ ಹತ್ತಿರ ಹೋಗಿ, ನಂಬಬಹುದು’ ಅಂತ ಸಾಕ್ಷಿ ಹೇಳಿದ ಹಾಗೆ. 1998ರಲ್ಲಿ ಗೂಗಲ್ ಶುರುವಾದದ್ದೇ ಈ ಸಾಕ್ಷಿಗಳನ್ನು ತೂಗಿ ನೋಡುವ ಲೆಕ್ಕಾಚಾರದ ಮೇಲೆ. ದುಡ್ಡು ಕೊಟ್ಟು ತಂದ ಸಾಕ್ಷಿ ಸುಳ್ಳುಸಾಕ್ಷಿ ತಾನೆ? 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಅಪ್‌ಡೇಟ್ (ಗೂಗಲ್ ತನ್ನ ಲೆಕ್ಕಾಚಾರದಲ್ಲಿ ಮಾಡಿದ ಬದಲಾವಣೆ) ಇಂಥ ಲಿಂಕ್‌ಗಳನ್ನು ಹಿಡಿಯೋಕೇ ಬಂದದ್ದು. ದೊಡ್ಡವರಿಗೂ ವಿನಾಯಿತಿ ಇಲ್ಲ. ಗೂಗಲ್‌ಗೆ ಒಂದು ಪುಟ, ಜನಕ್ಕೆ ಇನ್ನೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟನ್ನೇ ಗೂಗಲ್ ಹುಡುಕಾಟದಿಂದ ತೆಗೆದುಹಾಕಿತ್ತು.

ಹಳೆಯವರು ಏನು ಮಾಡಿಟ್ಟಿದ್ದಾರೆ ಅಂತ ಮೊದಲು ನೋಡೋಣ. ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಅನ್ನುವ ಸಾಧನ ಉಚಿತ. ಅದರಲ್ಲಿ ಮ್ಯಾನ್ಯುಯಲ್ ಆಕ್ಷನ್ಸ್ (ಗೂಗಲ್ ಸಿಬ್ಬಂದಿ ಸೈಟಿನ ಮೇಲೆ ತೆಗೆದುಕೊಂಡ ಕ್ರಮಗಳ ಪುಟ) ತೆರೆದು ಏನಾದರೂ ಸೂಚನೆ ಇದೆಯಾ ನೋಡಿ. ಆಮೇಲೆ ನಿಮ್ಮ ಮುಖಪುಟ ತೆರೆದು ಕಂಟ್ರೋಲ್-ಎ ಒತ್ತಿ (ಬಚ್ಚಿಟ್ಟ ಅಕ್ಷರವೂ ಎದ್ದು ಕಾಣುತ್ತೆ), ಕೆಳಗಿನ ತುದಿಯವರೆಗೂ ಕಣ್ಣಾಡಿಸಿ.

ಪ್ರಶ್ನೆ ಕೇಳಿದವರು: ಮೇಡಂ, ಕೈಕಾಲು ತಣ್ಣಗಾಯ್ತು. ಪುಟದ ಕೊನೆಯಲ್ಲಿ ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ‘ಹೊಲಿಗೆ ಯಂತ್ರ ರಿಪೇರಿ, ಬೆಸ್ಟ್ ರಿಪೇರಿ, ಕಡಿಮೆ ದರದ ರಿಪೇರಿ’ ಅಂತ ನಲವತ್ತು ಸಲ ಇದೆ! ಮ್ಯಾನ್ಯುಯಲ್ ಆಕ್ಷನ್ಸ್‌ನಲ್ಲಿ ಅಸಹಜ ಲಿಂಕ್‌ಗಳು ಅಂತ ಸೂಚನೆಯೂ ಇದೆ.

ಉತ್ತರ: ಗಾಬರಿಯಾಗಬೇಡಿ, ಸರಿಮಾಡಬಹುದು. ಆ ಬಿಳಿ ಅಕ್ಷರಗಳನ್ನು ಇವತ್ತೇ ಅಳಿಸಿ. ಕೊಂಡ ಲಿಂಕ್‌ಗಳಿರುವ ಸೈಟಿನವರಿಗೆ ಬರೆದು ತೆಗೆಸಿ. ಎಷ್ಟು ಕೇಳಿದರೂ ತೆಗೆಯದವನ್ನು ಮಾತ್ರ ಡಿಸ್‌ಅವೌ ಪಟ್ಟಿಗೆ (‘ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಅಂತ ಹೇಳುವ ಪಟ್ಟಿ) ಸೇರಿಸಿ ಗೂಗಲ್‌ಗೆ ಕೊಡಿ. ಆಮೇಲೆ ಮರುಪರಿಶೀಲನೆಗೆ ಮನವಿ ಹಾಕಿ. ಅದರಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯಿರಿ, ಯಾಕೆಂದರೆ ಓದುವವರು ಮನುಷ್ಯರೇ. ಉತ್ತರ ಬರಲು ಕೆಲವು ವಾರ ಹಿಡಿಯಬಹುದು.

ಈಗ ಅಸಲಿ ಕೆಲಸ. ಗಿರಾಕಿಗಳು ಫೋನಿನಲ್ಲಿ ಪದೇ ಪದೇ ಕೇಳೋದು ಏನು ಹೇಳಿ?

ಪ್ರಶ್ನೆ ಕೇಳಿದವರು: ‘ದಾರ ತುಂಡಾಗ್ತಾನೇ ಇರುತ್ತೆ, ಯಾಕೆ?’ ದಿನಕ್ಕೆ ನಾಲ್ಕು ಜನ ಕೇಳ್ತಾರೆ.

ಉತ್ತರ: ನೀವು ಮೊದಲು ಬರೆಯಬೇಕಾದ ಪುಟ ಅದೇ! ದಾರದ ಟೆನ್ಷನ್ ಬಿಗಿಯಾಗಿದೆಯಾ, ಸೂಜಿ ಮೊಂಡಾಗಿದೆಯಾ, ತಿರುಗಾಮುರುಗಾ ಹಾಕಿದ್ದಾರಾ, ದಾರಕ್ಕೆ ತಕ್ಕ ನಂಬರಿನ ಸೂಜಿಯಾ, ಇಷ್ಟನ್ನೂ ಫೋನಿನಲ್ಲಿ ಹೇಳುವ ಹಾಗೇ ಬರೆಯಿರಿ, ನೀವೇ ಫೋಟೋ ತೆಗೆದು ಹಾಕಿ. ಪುಟದ ಟೈಟಲ್ಲೂ ಅದೇ ಪ್ರಶ್ನೆಯಾಗಿರಲಿ. ನಿಮ್ಮ ಸೈಟ್ ನೋಡಿದೆ, ಎಲ್ಲ ಪುಟಕ್ಕೂ ‘ಹೋಮ್’ ಅಂತಲೇ ಟೈಟಲ್ ಇದೆ. ಕೀವರ್ಡ್ಸ್ ಮೆಟಾ ಟ್ಯಾಗ್ (ಪುಟದ ಕೋಡಿನಲ್ಲಿ ಹುಡುಕುವ ಪದಗಳನ್ನು ಬರೆದಿಡುವ ಜಾಗ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸ್ಥಾನ ಕೊಡಲು ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಫೋನಿನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಸಾಕು, ಫೋಟೋಗಳ ಗಾತ್ರ ಇಳಿಸಿದರೆ ಬಹುಪಾಲು ಅಲ್ಲೇ ಸರಿಹೋಗುತ್ತೆ.

ಇನ್ನೊಬ್ಬ ಸದಸ್ಯರು: ಮೇಡಂ, ಎಐ ಹತ್ತಿರ ಇಂಥ 200 ಪುಟ ಒಂದೇ ದಿನ ಬರೆಸಿ ಹಾಕಬಹುದಲ್ವಾ? ಮನೆಯವರಿಂದಲೇ ಒಂದಿಷ್ಟು ರಿವ್ಯೂನೂ ಹಾಕಿಸಬಹುದು.

ಉತ್ತರ: ರಿವ್ಯೂ ಅಂತೂ ಖಂಡಿತ ಬೇಡ. ಅದನ್ನು ನಂಬಿ ದುಡ್ಡು ಕೊಡೋರು ನಿಜವಾದ ಜನ. ಕೆಲಸ ಮುಗಿದ ಮೇಲೆ ಪ್ರತಿಯೊಬ್ಬ ಗಿರಾಕಿಗೂ ಲಿಂಕ್ ಕಳಿಸಿ ‘ಅನಿಸಿದ್ದು ಬರೆಯಿರಿ’ ಅಂತ ಕೇಳಿ, ಖುಷಿಯಾದವರನ್ನಷ್ಟೇ ಆರಿಸಬೇಡಿ. ಎಐ ಬಳಸೋದೇ ತಪ್ಪು ಅಂತಲ್ಲ. ಆದರೆ ಓದುಗರಿಗೆ ಏನೂ ಸಿಗದ ಪುಟಗಳನ್ನು ರಾಶಿ ಹಾಕೋದನ್ನು, ಮನುಷ್ಯ ಬರೆದಿರಲಿ ಯಂತ್ರ ಬರೆದಿರಲಿ, 2024ರ ಮಾರ್ಚ್‌ನಿಂದ ಗೂಗಲ್ ಸ್ಪ್ಯಾಮ್ ಅಂತಲೇ ಎಣಿಸುತ್ತೆ.

ಪ್ರಶ್ನೆ ಕೇಳಿದವರು: ಆ ಕಂಪನಿಯವರಿಗೆ ಬೇಡ ಅಂದೆ ಮೇಡಂ. ಬಿಳಿ ಅಕ್ಷರ ಅಳಿಸಿಯಾಯ್ತು. ಮೊಂಡು ಸೂಜಿ, ಹೊಸ ಸೂಜಿ ಪಕ್ಕಪಕ್ಕ ಇಟ್ಟು ಫೋಟೋ ತೆಗೀತಿದ್ದೀನಿ.