ಸಹಾಯ ಬೇಕು: ಲಾರಿ ಟ್ಯಾಕ್ಸ್ ಆನ್‌ಲೈನ್ ಕಟ್ಟಬೇಕು, ಒಟಿಪಿ ಹಳೇ ನಂಬರಿಗೆ ಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿಯವರು. ಅಪ್ಪನ ಹೆಸರಲ್ಲಿ ಒಂದು ಲಾರಿ ಇದೆ, ಕೆಎ 27 ಪಾಸಿಂಗ್, ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಬಾಡಿಗೆ ಹೊಡೆಯುತ್ತೇವೆ. ಕಾರು, ಬೈಕಿನ ತರಹ ಲೈಫ್ ಟ್ಯಾಕ್ಸ್ ಅಲ್ಲ, ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಪ್ರತಿ ಸಲ ಆರ್‌ಟಿಒ ಆಫೀಸಿಗೆ ಹೋಗಿ ಪಾಳಿ ಹಚ್ಚಿದರೆ ಆ ದಿನದ ಬಾಡಿಗೆ ಹೋದಂಗೇ, ಅದಕ್ಕೆ ಈ ಸಲ ಪರಿವಾಹನ್ ವೆಬ್‌ಸೈಟಿನಲ್ಲೇ ಕಟ್ಟೋಣ ಅಂತ ಕೂತೆ.

ಗಾಡಿ ನಂಬರ್, ಚಾಸಿ ನಂಬರಿನ ಕೊನೇ ಐದು ಅಂಕಿ ಎಲ್ಲ ಹಾಕಿದೆ. ಆದರೆ ಒಟಿಪಿ ಅಪ್ಪನ ಹಳೇ ಮೊಬೈಲ್ ನಂಬರಿಗೆ ಹೋಗುತ್ತಿದೆ, ಆ ಸಿಮ್ ಬಂದ್ ಆಗಿ ಬಹಳ ದಿನ ಆಯಿತು. ನಂಬರ್ ಬದಲಿಸೋಣ ಅಂದರೆ ಆಧಾರ್ ಹೆಸರಿಗೂ ಆರ್‌ಸಿ ಹೆಸರಿಗೂ ತಾಳೆ ಆಗುತ್ತಿಲ್ಲ. ಆರ್‌ಸಿಯಲ್ಲಿ ಬರೀ ಇನಿಶಿಯಲ್ ಇದೆ, ಆಧಾರ್‌ನಲ್ಲಿ ಅಜ್ಜನ ಹೆಸರು, ಅಡ್ಡಹೆಸರು ಪೂರ್ತಿ ಇದೆ. ನಮ್ಮ ಕಡೆ ಸುಮಾರು ಜನರದ್ದು ಹೀಗೇ ಅಲ್ವಾ?

ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಎರಡೂ ಚಾಲ್ತಿಯಲ್ಲಿವೆ. ಹಾವೇರಿ, ಗದಗ, ಹುಬ್ಬಳ್ಳಿ ಕಡೆ ಯಾರಾದರೂ ಹೀಗೆ ನಂಬರ್ ಬದಲಿಸಿದ್ದೀರಾ? ಮೊದಲು ಹೆಸರು ಸರಿ ಮಾಡಿಸಬೇಕಾ, ಅಥವಾ ಆಫೀಸಿನಲ್ಲಿ ಅರ್ಜಿ ಕೊಟ್ಟರೆ ನಂಬರ್ ಅಷ್ಟೇ ಬದಲಿಸಿ ಕೊಡುತ್ತಾರಾ? ಯಾವ ಯಾವ ಕಾಗದ ಒಯ್ಯಬೇಕು? ಏಜೆಂಟರಿಗೆ ಸುಮ್ನೆ ದುಡ್ಡು ಕೊಡೋದು ಬೇಡ ಅಂತ ಅಪ್ಪನ ಹಟ, ನನಗೂ ಅದೇ ಸರಿ ಅನಿಸುತ್ತದೆ. ತಡವಾದರೆ ದಂಡ ಬೀಳುತ್ತದೆ, ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.